ಓಗೊಟ್ಟರೆ ಔಟ್

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಚಿನಕುರುಳಿ,

ನಿನ್ನ ಕಾಗದಗಳಿಗೆ ಉತ್ತರ ಬರೆಯಲಾಗಲಿಲ್ಲ. ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ನಾನೀಗ ದನಿ ತೆಗೆಯುವಂತಿಲ್ಲ. ಯಾಕೆಂದು ಹೇಳುತ್ತೇನೆ, ಕೂತು ಓದು.

ನಾನು ಡಬ್ಬಿಂಗ್ ಮಾಡುತ್ತಿದ್ದ ದೆವ್ವದ ಸಿನಿಮಾ ಮುಗಿಯಿತು. ಅದರ ನಿರ್ದೇಶಕ, ನಮ್ಮ ಕಡ್ಡಿಪೈಲ್ವಾನ, ಹಾಸಿಗೆಯೇ ಇಲ್ಲದೆ ಕಾಲು ಚಾಚುವ ಆಸಾಮಿ. ಬಾಡಿಗೆ ಮನೆ ಹಿಡಿಯಲಾಗದೆ ನಮ್ಮ ಮನೆಯಲ್ಲೇ ಶೂಟಿಂಗ್ ಮಾಡಿದ. ನಟಿಸಲು ಮಗು ಸಿಗದೆ ನನ್ನ ಮಗಳನ್ನೇ ನಿಲ್ಲಿಸಿದ. ಕಥೆ ಇಷ್ಟೇ: ಮಕ್ಕಳ ಕಣ್ಣಾಮುಚ್ಚಾಲೆಗೆ ಒಂದು ಶಾಪ. ಹುಡುಕಿಕೊಂಡು ಬರುವ ದೆವ್ವ ಅಮ್ಮನ ದನಿಯಲ್ಲಿ ಕರೆಯುತ್ತದೆ. ಓಗೊಟ್ಟ ಮಗು ಔಟ್, ಮತ್ತೆ ಯಾರಿಗೂ ಸಿಗುವುದಿಲ್ಲ.

ಅಮ್ಮನಿಗೂ ನನ್ನದೇ ದನಿ, ದೆವ್ವಕ್ಕೂ ನನ್ನದೇ. "ಬೇರೆಯವರನ್ನ ಎಲ್ಲಿಂದ ತರ್ಲಿ ಅಕ್ಕಾ? ದನಿ ಬದಲಾಯಿಸ್ಬೇಡಿ. ಮನೇಲಿ ಪುಟ್ಟೀನ ಹೇಗೆ ಕರೀತೀರೋ ಹಾಗೇ ಕರೀರಿ, ಭಯ ಇರೋದೇ ಅದ್ರಲ್ಲಿ" ಎಂದ. "ಪುಟ್ಟೀ, ಬಾ ಕಂದ, ಊಟ ಆರ್ತಿದೆ" ಎಂದು ಕರೆದೆ. ಸ್ಟುಡಿಯೋದಲ್ಲಿ ಎಲ್ಲರ ಮೈ ಜುಮ್ಮೆಂದಿತು. ನಾನು ಬೀಗಿದ್ದೇ ಬೀಗಿದ್ದು ಕಣೇ. ಪುಟ್ಟಿಯೂ ಅಲ್ಲೇ ಕೂತು ನೋಡುತ್ತಿದ್ದಳು.

ಆಮೇಲಿಂದ ಕರೆದರೆ ಬರುವುದಿಲ್ಲ. ಎದುರಿಗಿದ್ದರೆ ಮಾತಾಡುತ್ತಾಳೆ, ಗೋಡೆಯಾಚೆಯಿಂದ ಕರೆದರೆ ಬಚ್ಚಿಟ್ಟುಕೊಳ್ಳುತ್ತಾಳೆ. ಮಕ್ಕಳಾಟ ಎಂದು ನಕ್ಕೆ. ಹೋದ ಭಾನುವಾರ ಬೆಳಿಗ್ಗೆ ಎಲ್ಲೂ ಕಾಣಲಿಲ್ಲ. ಬೀದಿ, ಮಹಡಿ, ಹಿತ್ತಿಲು ಎಲ್ಲ ಸುತ್ತಿ ಗಂಟಲು ಹರಿಯುವಂತೆ ಕೂಗಿದೆ. ಕೊನೆಗೆ ಕಾಲು ಸೋತು ನಡುಮನೆಯ ದಿವಾನಿನ ಮೇಲೆ ಕುಸಿದು ಕೂತೆ, ಅಲ್ಲಿಂದಲೂ ಕೂಗಿದೆ. ನಿನ್ನ ಭಾವ ಬಂದವರು ನನ್ನನ್ನು ಎಬ್ಬಿಸಿ ದಿವಾನಿನ ಹಲಗೆ ಎತ್ತಿದರು. ಅಯ್ಯೋ, ಅದರೊಳಗಿದ್ದಳು ಕಣೇ! ತುಟಿ ನೀಲಿಗಟ್ಟಿತ್ತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಅಮ್ಮ ಕೂಗಿದ್ದು ಕೇಳಿಸ್ಲಿಲ್ವಾ ಮಗಳೇ?" ಎಂದು ಅವರು ಕೇಳಿದರು.

"ಕೇಳಿಸ್ತು. ಅದಕ್ಕೇ ಸುಮ್ನಿದ್ದೆ."

ಆ ದನಿ ಅಳಿಸಿಬಿಡು ಎಂದು ಕಡ್ಡಿಪೈಲ್ವಾನನ ಬೆನ್ನು ಬಿದ್ದೆ. "ಅದನ್ನ ತೆಗೆದ್ರೆ ಸಿನಿಮಾದಲ್ಲಿ ಇನ್ನೇನು ಉಳೀತು ಅಕ್ಕಾ?" ಎಂದ. ಅವನು ಅಳಿಸಿದರೂ ಇವಳ ಕಿವಿಯಿಂದ ಅಳಿಸುವವರು ಯಾರು? ಈಗ ಅವಳನ್ನು ಚಪ್ಪಾಳೆ ತಟ್ಟಿ ಕರೆಯುತ್ತೇನೆ. ಕ್ಷಣ ಕಣ್ಮರೆಯಾದರೂ ನನ್ನ ಜೀವ ಬಾಯಿಗೆ ಬರುತ್ತದೆ. ರಜೆಗೆ ಬರುತ್ತೇನೆಂದಿದ್ದೆಯಲ್ಲ, ಸದ್ಯಕ್ಕೆ ಬೇಡ. ನಿನ್ನ ದನಿಯೂ ಥೇಟ್ ನನ್ನದೇ.

ನಿನ್ನ ಮಕ್ಕಳು ಕರೆದೊಡನೆ ಓಡಿಬಂದು ನಿನ್ನ ಸೆರಗು ಹಿಡಿಯುವಂತಿರಲಿ, ನೂರು ಕಾಲ ಬಾಳಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಪುಟ್ಟಿಗೆ ನಿನ್ನೆಯಿಂದ ಜ್ವರ. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ "ಅಮ್ಮಾ" ಎಂದು ಕನವರಿಸಿದಳು. ನಾನು ಮೈಮರೆತು "ಇಲ್ಲೇ ಇದೀನಿ ಕಂದ" ಎಂದುಬಿಟ್ಟೆ. ಉಸಿರು ಬಿಗಿಹಿಡಿದಳು. ನಾನು ಎದ್ದು ಹೊರಗೆ ಹೋಗುವವರೆಗೂ ಉಸಿರು ಬಿಡಲಿಲ್ಲ.