ಕೊನೆಯ ಲೆಕ್ಕ ಬಿಟ್ಟ ಮಕ್ಕಳು

ದಾದರ್, ಮುಂಬಯಿ
ಭಾನುವಾರ, ೨೩-೧೦-೧೯೫೫

ವಸಂತಿಯ ಅಪ್ಪನವರಿಗೆ ವಾರಿಜಾಳ ನಮಸ್ಕಾರಗಳು.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಅಷ್ಟಮಿಗೆ ಬಂದವರು ಅರ್ಧ ಊಟದಲ್ಲಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಿರಲ್ಲ, ಆ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆಯೇ ಕಾಗದ ಬೇಕು, ಅದೂ ದೊಡ್ಡದು.

ನನ್ನ ಅಣ್ಣ ಪೂವಪ್ಪ ನಿನ್ನೆ ವಿಕ್ರೋಳಿಗೆ ಹೋಗಿ, ನೀವು ಕೆಲಸ ಮಾಡುವ ಕ್ಯಾಂಟೀನಿನಲ್ಲಿ ನಿಮ್ಮನ್ನು ಕಂಡು ಬಂದ. ನೀವು ಹೇಳಿ ಕಳಿಸಿದ್ದನ್ನು ನಿಮ್ಮ ದನಿಯಲ್ಲೇ ಒಪ್ಪಿಸಿದ: "ಮಾಸ್ತರರು ಕೇಳಿದ ಚೀಟಿ ಬರೆದುಕೊಟ್ಟು ಮೇಲಿನ ಕ್ಲಾಸಿಗೆ ಹೋಗ್ಲಿಕ್ಕೆ ವಸಂತಿಗೆ ಹೇಳಿ. ಆಗುದಿಲ್ವಾ, ಶಾಲೆಯೂ ಬೇಡ, ಎಂತದೂ ಬೇಡ. ಊರಿಗೆ ನನ್ನ ಅಮ್ಮನ ಹತ್ತಿರ ಕಳಿಸಿ." ಅಣ್ಣನಿಗೆ ವಿಷಯ ಗೊತ್ತಿದ್ದದ್ದೇ ಅರ್ಧ, ಅದರಲ್ಲಿ ಅವನು ನಿಮಗೆ ಎಷ್ಟು ಹೇಳಿದನೋ ದೇವರಿಗೇ ಗೊತ್ತು. ಅದಕ್ಕೇ ಸುರುವಿನಿಂದ ಬರೆಯುತ್ತಿದ್ದೇನೆ. ಅರ್ಧಕ್ಕೆ ಹರಿದು ಎಸೆಯಬೇಡಿ.

ವಸಂತಿಯ ತರಗತಿಯಲ್ಲಿ ಎರಡು ತುಕಡಿ. 'ಅ' ಮಹಡಿಯ ಮೇಲೆ, 'ಬ' ಕೆಳಗೆ ನಳದ ಪಕ್ಕದಲ್ಲಿ. ಶಾಲೆಗೆ ಸೇರಿಸಲು ನಾನೇ ಹೋದದ್ದು. ಹುಡುಗಿಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಹೋಟೆಲಿನಲ್ಲಿದ್ದಾರೆ ಎಂದೆ. ಕೆಳಗಿನ ಕೋಣೆ ತೋರಿಸಿದರು. ಆಫೀಸಿನವರ, ಬಟ್ಟೆ ಅಂಗಡಿಯವರ ಮಕ್ಕಳು ಮೇಲೆ. ಹೋಟೆಲಿನವರ, ಮಿಲ್ಲಿನವರ ಮಕ್ಕಳು ಕೆಳಗೆ. ಮಾಸ್ತರರೇ ಅದನ್ನು 'ಹೋಟೆಲ್ ಕ್ಲಾಸು' ಎಂದು ಕರೆಯುತ್ತಾರೆ.

ಮಕ್ಕಳು ಅದಕ್ಕೆ ಬೇಜಾರು ಮಾಡಿಕೊಂಡರಾ ಎಂದರೆ, ಎಲ್ಲಿಂದ! ಆ ಹೆಸರನ್ನೇ ಬಿರುದು ಮಾಡಿಕೊಂಡು ಮೆರೆದರು. ಸೊನ್ನೆ ಬಂದರೆ 'ಖಾಲಿ ಪ್ಲೇಟು', ಅಂಗೈಗೆ ಪೆಟ್ಟು ಬಿದ್ದರೆ 'ಬಿಸಿ ಬೋಂಡಾ', ಹತ್ತಕ್ಕೆ ಹತ್ತು ಬಂದರೆ 'ಫುಲ್ ಊಟ'. ಪ್ರಶ್ನೆ ಕೇಳಿದಾಗ ಒಬ್ಬರೇ ಕೈ ಎತ್ತುವಂತಿಲ್ಲ. ಎತ್ತಿದವರ ಪಕ್ಕದಲ್ಲಿ ಕೂತು ಯಾರೂ ಡಬ್ಬಿ ಬಿಚ್ಚುವುದಿಲ್ಲ. ಮೇಲಿನ ತುಕಡಿಗೆ ಹೋದವರಿಗೆ 'ಪಾರ್ಸೆಲ್' ಎಂದು ಹೆಸರು. ನಿಮ್ಮ ಮಗಳು ಇದನ್ನೆಲ್ಲ ಅಭಿನಯಿಸಿ ತೋರಿಸುವಾಗ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಗೊತ್ತಿದ್ದ ಉತ್ತರವನ್ನು ನುಂಗಿಕೊಂಡು ಕೂರುವುದನ್ನು ಅವಳು ಅಲ್ಲಿ ಕಲಿಯುತ್ತಿದ್ದಾಳೆ ಎಂದು ಆಗ ನನಗೆ ಹೊಳೆಯಲಿಲ್ಲ.

ಈ ಸಲ ಪರೀಕ್ಷೆಗೆ ಮೊದಲು ಹೆಡ್ಮಾಸ್ತರರು ಕೆಳಗೆ ಬಂದು, ಗಣಿತದಲ್ಲಿ ನೂರಕ್ಕೆ ಎಂಬತ್ತು ತೆಗೆದವರನ್ನು 'ಅ' ತುಕಡಿಗೆ ಹಾಕುತ್ತೇನೆ ಎಂದರು. ಅಷ್ಟು ತೆಗೆಯುವವರು ಅಲ್ಲಿ ಮೂವರೇ: ನಮ್ಮ ವಸಂತಿ, ಮಿಲ್ಲಿನ ದಾನಪ್ಪನವರ ಮಗಳು ಚನ್ನವ್ವ, ಮತ್ತೆ ರಮಾನಾಥ, ಅವನ ತಂದೆ ಮಾಟುಂಗದ ಹೋಟೆಲಿನಲ್ಲಿ ಸಪ್ಲಾಯರ್. ಮೂವರೂ ಸೇರಿ ಏನು ಮಾಡಿದರು ಗೊತ್ತುಂಟಾ? ಎಲ್ಲ ಲೆಕ್ಕ ಸರಿಯಾಗಿ ಮಾಡಿ, ಇಪ್ಪತ್ತೈದು ಅಂಕದ ಕೊನೆಯ ಲೆಕ್ಕವನ್ನು ಮುಟ್ಟದೆ ಬಿಟ್ಟರು. ಯಾರೂ ಪಾರ್ಸೆಲ್ ಆಗುವುದು ಬೇಡ ಎಂದು!

ಮಾಸ್ತರರೇನು ಕಣ್ಣು ಮುಚ್ಚಿಕೊಂಡು ಪೇಪರು ತಿದ್ದುತ್ತಾರಾ? ಸಿಕ್ಕಿಬಿದ್ದರು. ಹೆಡ್ಮಾಸ್ತರರಿಗೆ ಮೈಯೆಲ್ಲ ಉರಿ. ಇದನ್ನು ಸುರು ಮಾಡಿದವರು ಯಾರು ಎಂದು ಚೀಟಿಯಲ್ಲಿ ಹೆಸರು ಬರೆದು, ಕ್ಷಮೆ ಕೇಳಿ ಸಹಿ ಹಾಕಬೇಕು. ಹಾಕಿದವರು ಮೇಲೆ ಹೋಗಬಹುದು, ಹಾಕದವರ ಹೆಸರನ್ನು ಈ ತಿಂಗಳ ೩೧ರ ಸೋಮವಾರ ಶಾಲೆಯಿಂದ ತೆಗೆಯುತ್ತೇನೆ ಎಂದಿದ್ದಾರೆ. ವಸಂತಿ, ಕ್ಷಮೆ ಬೇಕಾದರೆ ಕೇಳುತ್ತೇನೆ, ಹೆಸರು ಬರೆಯುವುದಿಲ್ಲ ಎನ್ನುತ್ತಾಳೆ. ಬೈದೆ, ಗೋಗರೆದೆ, ಒಂದು ಬಾರಿಸಿಯೂ ಬಿಟ್ಟೆ. ಹಠ ಯಾರದು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ನಾನೂ ಶಾಲೆಗೆ ಹೋಗಿದ್ದೆ. ಹೆಡ್ಮಾಸ್ತರರು ಧಾರವಾಡದ ಕಡೆಯವರು. "ಅವರಪ್ಪನ್ನ ಕಳಸ್ರಿ, ನಿಮ್ಮ ಕೂಡ ಏನ್ ಮಾತಾಡೋದೈತಿ" ಎಂದು ನಿಂತಲ್ಲೇ ಸಾಗಹಾಕಿದರು. ನಾನು ಸಿಟ್ಟಿನಿಂದ ತಿರುಗಿ ಹೊರಟೆ. ಆದರೆ ನಾನು ಬಾಗಿಲು ದಾಟುವಾಗ ಅವರೇ ಕರೆದು, "ಹುಡುಗಿ ಶ್ಯಾಣ್ಯಾ ಇದ್ದಾಳ್ರಿ. ಮ್ಯಾಲೆ ಹೋದ್ರ ಮ್ಯಾಟ್ರಿಕ್ ಮಾಡ್ತಾಳ, ಕೆಳಗ ಕುಂತ್ರ ಇಲ್ಲ" ಎಂದರು. ಅದು ಸುಳ್ಳಲ್ಲ. ಇಂಗ್ಲಿಷಿಗೆ ಒಳ್ಳೆಯ ಮಾಸ್ತರರು ಇರುವುದು ಮೇಲೆ ಮಾತ್ರ. ಕೆಳಗಿನವರಲ್ಲಿ ಈ ತನಕ ಒಬ್ಬರೂ ಮ್ಯಾಟ್ರಿಕ್ ಮುಟ್ಟಿಲ್ಲ.

ಹಾಗಾದರೆ ನಿನಗೆ ಬೇಕಾದದ್ದೆಂತ ಎಂದು ಕೇಳುತ್ತೀರಿ. ನನ್ನ ಮಗಳು ಮೇಲೆ ಹೋಗಬೇಕು. ಇನ್ನೊಬ್ಬರ ಹೆಸರು ಬರೆದುಕೊಟ್ಟು ಹೋಗಬಾರದು. ನನಗೆ ಎರಡೂ ಬೇಕು.

"ನಾನೊಬ್ಬ ಕೆಟ್ಟದ್ದು ಸಾಲದಾ" ಎಂದೂ ಅಂದಿರಂತೆ. ಇಲ್ಲಿನ ಹೋಟೆಲಿನಲ್ಲಿ ಮುಷ್ಕರವಾದಾಗ ಧಣಿಗಳು ನಿಮ್ಮೊಬ್ಬರನ್ನು ಒಳಗೆ ಕರೆದು, ನಾಳೆಯಿಂದ ಗಲ್ಲಾದಲ್ಲಿ ಕೂತುಕೋ ಎಂದರು. ನೀವು ಕೂರಲಿಲ್ಲ; ಜೊತೆಗಿದ್ದವರಲ್ಲಿ ಕೆಲವರು ಮುಷ್ಕರ ಬಿಟ್ಟು ಒಳಗೆ ಹೋದರು, ನಿಮಗೆ ಇದ್ದ ಕೆಲಸವೂ ಹೋಯಿತು. ಅಂದು ನಾನು ಬಾಯಿಗೆ ಬಂದಂತೆ ಬೈದದ್ದು ಹೌದು. ಮರುದಿನ ಚಾಳಿನ ಹೆಂಗಸರ ಮುಂದೆ, ನಮ್ಮವರು ಮಾರಾಟಕ್ಕಿಲ್ಲ ಎಂದು ತಲೆ ಎತ್ತಿ ಹೇಳಿದವಳೂ ನಾನೇ. ನಿಮ್ಮ ಹತ್ತಿರ ಮಾತ್ರ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ನೀವು ಕೆಟ್ಟಿಲ್ಲ ಮಾರಾಯ್ರೇ, ವಿಕ್ರೋಳಿಗೆ ಹೋದಿರಿ, ಅಷ್ಟೇ.

ಗುರುವಾರ ರಜೆ ಕೇಳಿ ಬೆಳಗಿನ ಲೋಕಲ್ ಹಿಡಿದು ಬನ್ನಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಿ; ಹೆಡ್ಮಾಸ್ತರರು ಮುಖಕ್ಕಿಂತ ಮೊದಲು ಅಂಗಿ ನೋಡುತ್ತಾರೆ. ಕ್ಷಮೆಯನ್ನು ಅಪ್ಪ, ಅಮ್ಮ, ಮಗಳು ಮೂವರೂ ಕೇಳುತ್ತೇವೆ, ಹೆಸರು ಮಾತ್ರ ಕೇಳಬೇಡಿ ಎಂದು ನೀವು ಅವರಿಗೆ ಹೇಳಬೇಕು. ಹೋಟೆಲಿನಲ್ಲಿ ಗಿರಾಕಿಗಳ ಗಲಾಟೆಯಾದಾಗ ಎಲ್ಲರೂ ನಿಮ್ಮನ್ನೇ ಮುಂದೆ ಬಿಡುತ್ತಿದ್ದರಲ್ಲ, ಆ ಮಾತುಗಾರಿಕೆ ಒಂದು ದಿನ ಮಗಳ ಉಪಯೋಗಕ್ಕೂ ಬರಲಿ.

ಇತಿ,
ಸಿಟ್ಟು ಇನ್ನೂ ಪೂರ್ತಿ ಇಳಿಯದ, ಆದರೂ ನಿಮ್ಮವಳೇ ಆದ
ವಾರಿಜಾ

ತಾ.ಕ.: ಒಂದು ಸಂಗತಿ ಬೇಕೆಂದೇ ಬಿಟ್ಟಿದ್ದೆ. ಬರೆದರೆ ನೀವು "ನೋಡಿದ್ಯಾ, ನಾನು ಹೇಳ್ಲಿಲ್ವಾ" ಎನ್ನುತ್ತೀರಿ ಎಂದು ಹೆದರಿಕೆ. ಚನ್ನವ್ವ, ರಮಾನಾಥ ಇಬ್ಬರೂ ಶುಕ್ರವಾರವೇ ಸಹಿ ಹಾಕಿ ಮೇಲೆ ಹೋದರು. ಇಬ್ಬರ ಚೀಟಿಯಲ್ಲೂ ಇರುವುದು ವಸಂತಿಯ ಹೆಸರು. ಆ ಉಪಾಯ ತೆಗೆದವನು ರಮಾನಾಥ ಎಂದು ಕೆಳಗಿನ ಕ್ಲಾಸಿಗೆಲ್ಲ ಗೊತ್ತು. ಅವಳು ಅಳಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದಳು: "ಅಮ್ಮಾ, ಮುಷ್ಕರ ಬಿಟ್ಟು ಒಳಗೆ ಹೋದವರ ಹತ್ತಿರ ಅಪ್ಪ ಆಮೇಲೆ ಮಾತಾಡಿದ್ರಾ?" ನನಗೆ ಗೊತ್ತಿಲ್ಲ, ನಾನು ನಿಮ್ಮನ್ನು ಎಂದೂ ಕೇಳಿರಲಿಲ್ಲ. ಉತ್ತರವನ್ನು ಅಣ್ಣನ ಬಾಯಲ್ಲಿ ಹೇಳಿ ಕಳಿಸಬೇಡಿ. ನೀವೇ ಬಂದು ಅವಳಿಗೆ ಹೇಳಿ.