ಮುಂದಿನ ಸಾಲಿನ ದೋಣಿ

ನಾಂತಲಿ,
೧೮ ಅಕ್ಟೋಬರ್ ೧೯೮೭

ಪ್ರೀತಿಯ ಲೆಂಪಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದಿದ್ದುದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು, ಆದರೆ ಸಿಟ್ಟಿನಲ್ಲಿ ಎದ್ದು ಓಡಾಡಬೇಡ. ಸೊಂಟದ ಮೂಳೆ ಕೂಡುವವರೆಗೆ ನಿನ್ನ ತಂಗಿಯ ಮನೆಯಲ್ಲಿ ಮಹಾರಾಣಿಯಂತೆ ಕೂತು ತಿನ್ನು.

ಕಳೆದ ಶನಿವಾರ ನಮ್ಮ ದೋಣಿ ಲೊಕ್ಕಿಯನ್ನು ಚಳಿಗಾಲಕ್ಕೆ ದಡ ಹತ್ತಿಸಿದೆ. ನೀನಿಲ್ಲದೆ ಈ ಕೆಲಸ ಮಾಡಿದ್ದು ಇದೇ ಮೊದಲು. ಕ್ರೇನು ದೋಣಿಯನ್ನೆತ್ತಿ ಗಾಳಿಯಲ್ಲಿ ತೂಗಿಸಿದಾಗ ಎಂದಿನಂತೆ ನಿನ್ನ ಕೈ ಹಿಡಿಯಲು ಹೋದೆ. ಸಿಕ್ಕಿದ್ದು ದೋಣಿಯಂಗಳದ ಮೇಸ್ತ್ರಿ ಉರ್ಪೊನ ಒದ್ದೆ ಕೈಗವಸು. "ಏನ್ ರೌಹಕ್ಕಾ, ಈ ವಯಸ್ಸಲ್ಲಿ ನನ್ ಮೇಲೆ ಮನಸ್ಸಾಯ್ತಾ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ದೋಣಿ ಎತ್ತಲು ಬಂದವರಿಗೆಲ್ಲ ಬಟಾಣಿ ಸೂಪು ಬಡಿಸುತ್ತಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ನಕ್ಕರು. ಅಂದಹಾಗೆ, ನೀನು ಕೈಹಾಕದ ಆ ಸೂಪನ್ನು ಗೋಡೆಗೆ ಬಳಿಯಬಹುದಿತ್ತು.

ತಳಕ್ಕಂಟಿದ್ದ ಚಿಪ್ಪುಗಳನ್ನು ಹೆರೆದೆ. ನೀರು ಹೆಪ್ಪುಗಟ್ಟಿ ಎಂಜಿನ್ನು ಸಿಡಿಯದಂತೆ ಅದನ್ನೆಲ್ಲ ಬಸಿದೆ. ಪಟಗಳನ್ನು ತೊಳೆದು ಸೌನಾದ, ಅದೇ ನಮ್ಮ ಹಬೆಸ್ನಾನದ ಮನೆಯ, ಹೊರಕೋಣೆಯಲ್ಲಿ ಒಣಗಿಸಿದೆ. ಪಟದ ಕಂಬ ಇಳಿಸಿದ ಮೇಲೆ ಒಂದೊಂದು ಹಗ್ಗಕ್ಕೂ ಬಣ್ಣದ ನೂಲು ಸುತ್ತಿ ಅದರ ಹೆಸರು ಬರೆದ ಬಟ್ಟೆತುಂಡು ಕಟ್ಟಿದೆ. ಉರ್ಪೊ ಬಿಡುತ್ತಾನೆಯೇ? "ಅಡುಗೆಮನೇಲಿ ಉಪ್ಪಿನ ಡಬ್ಬಕ್ಕೂ ಚೀಟಿ ಅಂಟ್ಸಿದೀರಾ?" ಎಂದ. "ವಯಸ್ಸಾಯ್ತಲ್ಲಪ್ಪ" ಎಂದು ಇನ್ನೊಂದು ಗಂಟು ಹಾಕಿದೆ.

ಆಮೇಲೆ ಅವನು ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದ. "ಲೆಂಪಕ್ಕನ ಸೊಂಟ ಹಿಂಗಾಗಿದೆ. ವಸಂತಕ್ಕೆ ದೋಣಿ ಇಳಿಸ್ತೀರಾ? ಅನುಮಾನ ಇದ್ರೆ ಈಗ್ಲೇ ಹೇಳಿ, ಹಿಂದೆ ಬೇಲಿ ಹತ್ರ ಇಡ್ತೀನಿ. ಮುಂದೆ ನಿಲ್ಸಿದ್ರೆ ನಿಮ್ದು ಇಳಿಯೋವರ್ಗೂ ಹಿಂದಿನವ್ರು ಯಾರೂ ಇಳಿಯೋಕಾಗಲ್ಲ."

ಬೇಲಿಯ ಬಳಿ ನಿಂತ ದೋಣಿಗಳ ಗತಿ ನಿನಗೆ ಗೊತ್ತು. ಒಂದು ಬೇಸಿಗೆ ದಡದಲ್ಲೇ ಒಣಗಿದರೆ ಮರದ ದೋಣಿಯ ಹಲಗೆಗಳು ಬಾಯಿ ಬಿಡುತ್ತವೆ, ಆಮೇಲೆ ಅದು ಸೌದೆಗೇ ಸರಿ. "ಎಲ್ಲರಿಗಿಂತ ಮುಂದೆ ನಿಲ್ಸು" ಎಂದೆ. "ಆಮೇಲೆ ಮಾತು ಬದಲಾಯ್ಸಂಗಿಲ್ಲ ನೋಡಿ" ಎಂದ. ನಾನು ಬದಲಾಯಿಸಲಿಲ್ಲ.

ಮೇಲೆ ಹೊದಿಕೆ ಕಟ್ಟಿ, ಗಾಳಿಯಾಡಲು ಎರಡು ತುದಿಯಲ್ಲೂ ಸಂದು ಬಿಟ್ಟಿದ್ದೇನೆ. ವಸಂತದ ಮೊದಲ ದಿನಕ್ಕೆಂದು ನಿನ್ನಿಷ್ಟದ ಕಾಫಿಪುಡಿಯ ಡಬ್ಬವನ್ನು ಒಳಗಿನ ಗೂಡಿನಲ್ಲಿಟ್ಟಿದ್ದೇನೆ.

ನಿನ್ನ ನೋವೆಲ್ಲ ಈ ಚಳಿಗಾಲದೊಡನೆಯೇ ಹೋಗಲಿ. ನಿನ್ನ ಕಾಲು ಗಟ್ಟಿಯಾಗಲಿ, ನಾಲಿಗೆ ಮಾತ್ರ ಈಗಿನಷ್ಟೇ ಚುರುಕಾಗಿರಲಿ.

ನಿನ್ನ
ರೌಹಾ

ತಾ.ಕ.: ಇದನ್ನು ಮೇಲೆ ಬರೆಯಲು ಮರೆತೆನೆಂದು ಸುಳ್ಳು ಹೇಳುವುದಿಲ್ಲ, ಕೈ ಬರಲಿಲ್ಲ. ಇಷ್ಟು ದಿನ ಆಸ್ಪತ್ರೆಗೆ ಓಡಾಡುತ್ತಿದ್ದೆ. ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಕಡೆ ಹರಡಿದೆಯಂತೆ. ಹಿಮ ಕರಗುವುದನ್ನು ನಾನು ಕಾಣಲಾರೆನಂತೆ. ಭಯವಾಗುತ್ತದೆ ಲೆಂಪಿ. ಆ ಬಟ್ಟೆತುಂಡುಗಳು ನನಗಲ್ಲ, ನಿನಗೆ. ನೀಲಿ ನೂಲಿನ ಹಗ್ಗ ದೊಡ್ಡ ಪಟದ್ದು, ಅದನ್ನೇ ಮೊದಲು ಎಳೆ. "ನೀನಿಲ್ದೆ ಆ ದೋಣಿಗೆ ಕಾಲಿಡೋಳಲ್ಲ ಕಣೆ" ಎಂದು ಎಷ್ಟು ಸಲ ಹೇಳಿದ್ದೀಯ! ಅದಕ್ಕೇ ಅದನ್ನು ಎಲ್ಲರ ಮುಂದೆ ನಿಲ್ಲಿಸಿದ್ದು. ಈಗ ನೀನು ಇಳಿಸದೆ ಹಿಂದಿನ ಒಂದು ದೋಣಿಯೂ ನೀರು ಕಾಣದು. ಹಿಮ ಕರಗಿದ ಕೂಡಲೇ ಉರ್ಪೊ ಬಂದು ನಿನ್ನ ಬಾಗಿಲು ಬಡಿಯುತ್ತಾನೆ. ತೆಗೆ.