ಕೆಂಪು ಬೀಳದ ಗುರುವಾರಗಳು

ಏ ಕುಳ್ಳಿ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ನಿಧಾನವಾಗಿ ಓದು.

ಔಷಧಿ ಅಂಗಡಿಯಲ್ಲಿ ನಿನ್ನ ಟೀಚರ್ ಸಿಕ್ಕಿದ್ದರು. “ಈ ತಿಂಗಳು ಕ್ಲಾಸಲ್ಲೇ ಮೂರು ಸಲ ಫಿಟ್ಸ್ ಬಂತಲ್ಲಪ್ಪಾ. ಅಣ್ಣಂಗೆ ನಾನೇ ಹೇಳ್ತೀನಿ ಅಂದ್ಲು, ಹೇಳ್ಲಿಲ್ವಾ?” ಅಂದರು. ಮೂರೂ ತಾರೀಖು ಕೇಳಿಕೊಂಡೆ.

ಓಡಿಬಂದು ಅಡುಗೆಮನೆಯ ಕ್ಯಾಲೆಂಡರ್ ನೋಡಿದೆ. ಬೇರೆ ದಿನ ಫಿಟ್ಸ್ ಬಂದದ್ದಕ್ಕೆಲ್ಲ ಕೆಂಪು ಗುರುತು ಹಾಕಿದ್ದೀಯ. ಟೀಚರ್ ಹೇಳಿದ ಮೂರು ದಿನ ಮಾತ್ರ ಖಾಲಿ. ಮೂರೂ ಗುರುವಾರ! ಗೊತ್ತಾದರೆ ನಾನು ನಿನ್ನ ಜೊತೆ ಮನೆಯಲ್ಲೇ ಉಳಿಯುತ್ತೇನೆ, ಗುರುವಾರದ ಫುಟ್‌ಬಾಲ್ ಪ್ರ್ಯಾಕ್ಟೀಸ್ ತಪ್ಪುತ್ತದೆ ಅಂತಲೇ? ಬೂಟು ಒರೆಸಿ ಬಾಗಿಲಲ್ಲಿಟ್ಟು, “ಹೋಗೋ ಅಣ್ಣ, ನಂಗೇನೂ ಆಗಿಲ್ಲ” ಅಂತಿದ್ದದ್ದು ಇದಕ್ಕೇನಾ? ಡಾಕ್ಟರ್ ಮಾತ್ರೆ ಬರೆಯುವುದು ಆ ಕ್ಯಾಲೆಂಡರ್ ನೋಡಿಯೇ ಕಣೇ, ಪೆದ್ದಿ!

ಈಗ ಅವರ ಹತ್ತಿರವೇ ಹೊರಟಿದ್ದೇನೆ. ಅಮ್ಮ ಕೆಲಸ ಮುಗಿಸಿ ಬರುವುದು ಏಳಕ್ಕೆ. ಅಲ್ಲಿಯವರೆಗೆ ಪಕ್ಕದ ಟೈಲರ್ ಆಂಟಿ ಮನೆಯಲ್ಲಿರು. ಒಲೆ ಮುಟ್ಟಬೇಡ. ಬಚ್ಚಲಿಗೆ ಹೋದರೆ ಚಿಲಕ ಹಾಕಬೇಡ.

ಕೆಂಪು ಪೆನ್ನನ್ನು ಕ್ಯಾಲೆಂಡರ್‌ಗೇ ಕಟ್ಟಿದ್ದೇನೆ. ಬಚ್ಚಿಟ್ಟದ್ದಕ್ಕೆಲ್ಲ ನೀನೇ ಗುರುತು ಹಾಕು. ಅಲ್ಲಿಯವರೆಗೆ ನೀನು ಆ ಬೂಟು ಎಷ್ಟು ಒರೆಸಿಟ್ಟರೂ ನಾನು ಕಾಲು ತೂರಿಸುವುದಿಲ್ಲ.

ಅಣ್ಣ